ಇಳಿಯದ ಹುಣಸೆ ಬೀಜ

ನಮ್ಮೂರಿನ ಬಸ್ಸಿಗೆ ಸ್ಟಾಪಿನ ಹೆಸರು ಹೇಳಿ ಹತ್ತುವ ಪದ್ಧತಿ ಇರಲಿಲ್ಲ. ಹತ್ತುವವರು ಸ್ಟಾಪಿನ ಕಂಬಕ್ಕೆ ಕಟ್ಟಿದ ಡಬ್ಬಿಯಿಂದ ಒಂದು ಬೀಜ ತೆಗೆದು ಅಂಗೈಯಲ್ಲಿ ಹಿಡಿದು ನಿಲ್ಲಬೇಕು. ಸಂತೆಗೆ ಹೋಗುವವರು ಕಡಲೆ, ಶಾಲೆಗೆ ಹೋಗುವವರು ಗುಲಗಂಜಿ, ಆಸ್ಪತ್ರೆಗಾದರೆ ಹರಳು, ದೇವರಿಗಾದರೆ ಅಂಟುವಾಳ, ತವರಿಗೆ ಹೋಗುವ ಹೆಣ್ಣುಮಕ್ಕಳು ಹುಣಸೆ ಬೀಜ. ಆ ನಮೂನೆಯ ಸ್ಟಾಪು ದಾರಿಯಲ್ಲಿ ಮೊದಲು ಎಲ್ಲಿ ಸಿಗುತ್ತದೋ ಅಲ್ಲಿ ಕಂಡಕ್ಟರ್ ಬೀಜ ಇಸಿದುಕೊಂಡು ಇಳಿಸಿಬಿಡುತ್ತಿದ್ದ. ಯಾವ ಸಂತೆ, ಯಾವ ಶಾಲೆ, ಯಾರ ತವರು ಎಂದು ಕೇಳುತ್ತಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಆ ಬಸ್ಸುಗಳ ದಾರಿ ಹಾಕುತ್ತಿದ್ದವನು ನಾನೇ.

ನನ್ನ ಹೆಸರು ಚನ್ನಮಲ್ಲ. ಬಸ್ ಸ್ಟ್ಯಾಂಡಿನ ಅಟ್ಟದ ಮೇಲೆ ಬಾಗಿಲಿನಷ್ಟು ದೊಡ್ಡ ಹಲಸಿನ ಹಲಗೆಯೊಂದಿದೆ. ಅದರಲ್ಲಿ ಮೂವತ್ತೊಂದು ಗುಳಿ, ಗುಳಿಗೊಂದು ಸ್ಟಾಪು, ಒಂದೊಂದು ಗುಳಿಯ ಪಕ್ಕದಲ್ಲೂ ಆ ಸ್ಟಾಪಿನ ಗುರುತು ಕೆತ್ತಿದೆ. ಊರಿಗೆ ಐದು ಬಸ್ಸು, ನನಗೆ ಐದು ಬಣ್ಣದ ನೂಲು. ಬೆಳಗಿನ ಆರು ಗಂಟೆಯೊಳಗೆ ಗುಳಿಯಿಂದ ಗುಳಿಗೆ ನೂಲು ಹಾಸಬೇಕು. ಹಾಸಿದ ಹಾಗೆ ಬಸ್ಸು ಓಡುತ್ತವೆ. ಕೆಳಗೆ ಊರಲ್ಲಿ ಯಾರಾದರೂ ಬೀಜ ಹಿಡಿದು ಸ್ಟಾಪಿನಲ್ಲಿ ನಿಂತರೆ ಮೇಲೆ ಹಲಗೆಯ ಗುಳಿಯಲ್ಲೂ ಅದೇ ಬೀಜ ಬಂದು ಕೂರುತ್ತದೆ. ಬಸ್ಸು ಹತ್ತಿದರೆ ಅದು ನೂಲಿನ ಮೇಲೆ ತೆವಳುತ್ತದೆ, ಇಳಿದರೆ ಮಾಯವಾಗುತ್ತದೆ. ಹೇಗೆ ಎಂದು ಕೇಳಬೇಡಿ, ನನಗಿಂತ ಮೊದಲು ಕೂತವರೂ ಕೇಳಿಲ್ಲ. ಹಲಗೆಯ ನಿಯಮ ಒಂದೇ. ಯಾವ ಗುಳಿಯಲ್ಲೂ ಹನ್ನೆರಡಕ್ಕಿಂತ ಹೆಚ್ಚು ಬೀಜ ಕೂಡಬಾರದು. ಹದಿಮೂರನೆಯದು ಬಿದ್ದರೆ ನೂಲುಗಳು ತಾವಾಗಿ ಸಡಿಲಾಗುತ್ತವೆ, ಬಸ್ಸು ನಿಲ್ಲುತ್ತವೆ, ಹಲಗೆಯ ಮುಂದೆ ಕೂತವನು ಎದ್ದುಹೋಗಬೇಕು.

ನಾನು ಒಂಬತ್ತು ವರ್ಷ ಎದ್ದಿರಲಿಲ್ಲ. ನನಗಿಂತ ಮೊದಲು ಹೆಚ್ಚೆಂದರೆ ಎರಡು ವರ್ಷ ಕೂತವರಿದ್ದರು. ನನ್ನ ಕಾಲದಲ್ಲಿ ಒಂದು ಗುಳಿಯಲ್ಲಿ ಏಳಕ್ಕಿಂತ ಹೆಚ್ಚು ಬೀಜ ಕೂಡಿದ್ದೇ ಇಲ್ಲ. ಜಂಬ ಅನ್ನಿ, ಪರವಾಗಿಲ್ಲ, ಇತ್ತು. ಊರೂ ನನ್ನ ನೂಲಿಗೆ ಚೆನ್ನಾಗಿ ಒಗ್ಗಿಕೊಂಡಿತ್ತು. ನಾನು ನೂಲು ಬದಲಿಸಿದರೆ ಮಕ್ಕಳ ಶಾಲೆ ಬದಲಾಗುತ್ತಿತ್ತು. ಹೊಸ ಮೇಷ್ಟ್ರು ಪುಟ ಕೇಳಿ ಅಲ್ಲಿಂದಲೇ ಪಾಠ ಮುಂದುವರಿಸುತ್ತಿದ್ದರು. ಹನುಮಪ್ಪನಿಗೆ ಹೊತ್ತ ಹರಕೆಯನ್ನು ಜನ ಮೊದಲು ಸಿಕ್ಕ ಕರಿಯಮ್ಮನಿಗೆ ಒಪ್ಪಿಸಿ ಬರುತ್ತಿದ್ದರು, ಇಬ್ಬರು ದೇವರೂ ತಕರಾರು ತೆಗೆದ ಸುದ್ದಿ ಇಲ್ಲ. ತವರಿನ ಓಣಿಗಳಂತೂ ಒಂದು ಗಾದೆಯನ್ನೇ ಕಟ್ಟಿಕೊಂಡಿದ್ದವು: ಬಂದವಳೇ ಮಗಳು. ಮೊದಲ ಸಲ ಇಳಿದವಳು ತೆರೆದ ಬಾಗಿಲು ಕಂಡ ಮನೆಗೆ ಹೋಗುತ್ತಿದ್ದಳು, ಮುಂದೆ ಅದೇ ಅವಳ ತವರು. ಆ ಮನೆಯ ತಾಯಿ ತಲೆಗೆ ಎಣ್ಣೆ ಹಚ್ಚಿ, ಹೋಳಿಗೆ ಮಾಡಿ, ಕಣ್ಣೀರಿಟ್ಟು ಕಳಿಸುತ್ತಿದ್ದಳು. ನಮ್ಮ ನೇಕಾರ ಓಣಿಯ ಮನೆಗೆ ಹೀಗೆ ಬರುತ್ತಿದ್ದವಳು ಹುಸೇನಬಿ. ನನ್ನ ತಂಗಿ ನೀಲವ್ವನನ್ನು ಸುಣ್ಣದ ಬಟ್ಟಿ ಸ್ಟಾಪಿನ ಮನೆಯೊಂದಕ್ಕೆ ಕೊಟ್ಟಿದ್ದೆವು. ಅವಳ ಮದುವೆಯಾದ ವರ್ಷವೇ ನಾನು ಹಲಗೆಗೆ ಕೂತದ್ದು. ಆ ಕಡೆಯಿಂದ ಬರುವ ನೀಲಿ ನೂಲು ನಮ್ಮ ಓಣಿ ಮುಟ್ಟುವ ಮೊದಲು ಇನ್ನೊಂದು ತವರಿನ ಓಣಿ ಹಾಯುತ್ತಿತ್ತು, ಆದ್ದರಿಂದ ಅವಳು ಅಲ್ಲೇ ಇಳಿಯುತ್ತಿದ್ದಳು. ಯಾರ ಮನೆಗೆ ಎಂದು ನಾನು ವಿಚಾರಿಸಿರಲಿಲ್ಲ. ಬೀಜ ಸರಿಯಾಗಿ ಇಳಿದಿದೆ ಎಂದಷ್ಟೇ ಗೊತ್ತಿತ್ತು.

ನಡೆದು ಹೋಗಬಾರದೇ ಎಂದರೆ, ಊರ ನಡುವೆ ಗುಡ್ಡವಿದೆ, ಗುಡ್ಡದಾಚೆ ಹಳ್ಳವಿದೆ, ಅರ್ಧ ದಿನದ ದಾರಿ. ಅದಕ್ಕಿಂತ ದೊಡ್ಡದು ಜನರ ಬಾಯಿ. ತವರಿಗೆ ನಡೆದು ಬಂದವಳು ಗಂಡನ ಮನೆಯಲ್ಲಿ ಜಗಳಾಡಿ ಬಂದವಳು ಎಂದೇ ಲೆಕ್ಕ. "ಯಾರ ಕೂಡ ಜಗಳಾಡಿ ಬಂದಿ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ಆ ಮಾತಿಗೆ ಅಂಜಿ ಯಾವ ಹೆಣ್ಣುಮಗಳೂ ನಡೆದು ಹೋಗುತ್ತಿರಲಿಲ್ಲ.

ನಾನು ಹೇಳಹೊರಟ ಶ್ರಾವಣಕ್ಕೆ ಮುಂಚಿನ ಬೇಸಿಗೆಯಲ್ಲಿ ಬೇರೆ ಊರಿನಿಂದ ಒಬ್ಬ ತಕ್ಕಡಿ ತಪಾಸಣೆಗೆ ಬಂದಿದ್ದ. ಬಸ್ಸಿಗೆ ಕಾಯುತ್ತ ಅಟ್ಟ ಹತ್ತಿ ಬಂದವನು ಹಲಗೆ ನೋಡಿ ಬಿದ್ದು ಬಿದ್ದು ನಕ್ಕ. "ಇದು ನಮ್ಮ ಮೊಬೈಲ್‌ನ್ಯಾಗ ಐತಲ್ರೀ!" ಎಂದು ತನ್ನ ಫೋನು ತೆಗೆದು ತೋರಿಸಿದ. ಬಿಳಿ ಪರದೆಯ ಮೇಲೆ ಗುಂಡು, ಚೌಕ, ಮುಮ್ಮೂಲೆಯ ಸ್ಟೇಷನ್ನುಗಳು. ಬೆರಳಿಂದ ಗೆರೆ ಎಳೆದರೆ ಪುಟ್ಟ ರೈಲು ಓಡುತ್ತದೆ. ಪುಟಾಣಿ ಚೌಕಗಳು ಹತ್ತಿ ಯಾವುದಾದರೂ ಚೌಕದ ಸ್ಟೇಷನ್ನಿನಲ್ಲಿ ಇಳಿಯುತ್ತವೆ. ಸ್ಟೇಷನ್ನು ತುಂಬಿ ತುಳುಕಿದರೆ ಆಟ ಮುಗಿಯಿತು. ಅವನ ಫೋನು ಕಸಿದುಕೊಂಡು ಒಂದು ತಾಸು ಆಡಿ, ಅವನು ಎಂದೂ ಮುಟ್ಟದ ಅಂಕ ಮುಟ್ಟಿಸಿ ಕೊಟ್ಟೆ. "ನಿಮ್ಮ ಊರಿನ ಬಸ್ಸೂ ಹಿಂಗ ಓಡ್ತಾವೇನು?" ಎಂದು ಕೇಳಿದೆ. "ಇಲ್ರೀ, ಅಲ್ಲಿ ಒಬ್ಬೊಬ್ಬರಿಗೂ ತಮ್ಮ ತಮ್ಮ ಊರ ಬೇಕು. ಮಗ್ಗಲ ಊರಾಗ ಇಳಿಸಿದ್ರ ಕಲ್ಲು ಒಗೀತಾರ," ಅಂದ. "ಹಂಗಾದ್ರ ಗೆಲ್ಲೂದು ಹೆಂಗ?" ಅಂದೆ. ಅವನು ಫೋನು ಜೇಬಿಗಿಟ್ಟುಕೊಳ್ಳುತ್ತ, "ಯಾರೂ ಗೆಲ್ಲೂದಿಲ್ರೀ. ಬಸ್ ಬರ್ತಾವ, ಹೋಗ್ತಾವ," ಅಂದ. ಎಂಥ ಅಧ್ವಾನದ ಊರಪ್ಪ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಶ್ರಾವಣದ ಪಂಚಮಿಗೆ ಇನ್ನು ಹನ್ನೆರಡು ದಿನ ಇದ್ದಾಗ ಆ ಹುಣಸೆ ಬೀಜ ಕಾಣಿಸಿಕೊಂಡಿತು. ಕುಂಬಾರ ದಿಬ್ಬದ ಗುಳಿಯಿಂದ ಕೆಂಪು ನೂಲು ಹತ್ತಿತು. ಮೊದಲ ತವರಿನ ಗುಳಿ ಬಂತು, ಇಳಿಯಲಿಲ್ಲ. ಎರಡನೆಯದು ಬಂತು, ಇಳಿಯಲಿಲ್ಲ. ಮೂರನೆಯದನ್ನೂ ದಾಟಿ, ಐದು ನೂಲೂ ಕೂಡುವ ಗಡಿಯಾರ ಕಂಬವನ್ನು ದಾಟಿ, ನೂಲಿನ ತುದಿ ಮುಟ್ಟಿ, ತಿರುಗಿ ಬರತೊಡಗಿತು. ಸಂಜೆಯವರೆಗೆ ಹೀಗೆ ಸುತ್ತಿ ಹತ್ತಿದ ಗುಳಿಗೇ ಬಂದು ಮಾಯವಾಯಿತು. ನೂಲಿಗೆ ಎಣ್ಣೆ ಜಿಡ್ಡು ಹತ್ತಿರಬೇಕೆಂದು ಒರೆಸಿದೆ. ಮರುದಿನವೂ ಅದೇ. ಮೂರನೆಯ ದಿನ ನನಗೆ ಬೇರೆ ಕೆಲಸವೇ ಬೇಡವಾಯಿತು. ಊಟದ ತಟ್ಟೆಯನ್ನು ಹಲಗೆಯ ಪಕ್ಕದಲ್ಲೇ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತೆ. ಒಂಬತ್ತು ವರ್ಷದಲ್ಲಿ ಹಲಗೆ ನನಗೆ ಅರ್ಥವಾಗದ್ದೊಂದನ್ನು ತೋರಿಸುತ್ತಿತ್ತು.

ಕೆಂಪು ಬಸ್ಸಿನ ಕಂಡಕ್ಟರ್ ಯಮನೂರಪ್ಪನನ್ನು ಕರೆಸಿ ಕೇಳಿದೆ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಕಾಶವ್ವ ಅಂತ್ರೀ. ಇಳಿಯಂಗಿಲ್ಲ ಅಂತಾಳ. 'ಇದು ನಮ್ಮವ್ವನ ಓಣಿ ಅಲ್ಲ' ಅಂತಾಳ. ತುಂಬಿದ ಬಸರಿ. ಕೈ ಹಿಡಿದು ಇಳಿಸಾಕ ನನಗ ಆಗೂದಿಲ್ಲ. ಹುಣಸಿ ಬೀಜ ಹಿಡಿದಾಕಿನ್ನ ತವರ ಬಿಟ್ಟು ಬ್ಯಾರೆ ಕಡೆ ಇಳಿಸಾಕ ನಿಯಮ ಇಲ್ಲ. ಸಂಜೀತನಕ ತಿರಗ್ಯಾಡಿ ಹತ್ತಿದಲ್ಲೇ ಇಳೀತಾಳ, ಮುಂಜಾನೆ ಮತ್ತ ಬರ್ತಾಳ."

ನಾಲ್ಕನೆಯ ದಿನ ನಾನೇ ಒಂದು ಕಡಲೆ ಹಿಡಿದುಕೊಂಡು ಕೆಂಪು ಬಸ್ಸು ಹತ್ತಿದೆ. ನಗಬೇಡಿ, ಹಲಗೆಗೆ ಕೂತ ಮೇಲೆ ನಾನು ಬಸ್ಸು ಹತ್ತಿದ್ದು ಅದೇ ಮೊದಲು. ಹಲಗೆಯ ಮೇಲೆ ಎರಡು ಗುಳಿಗಳ ನಡುವೆ ನೂಲು ನೆಟ್ಟಗಿರುತ್ತದೆ. ಇಲ್ಲಿ ಬಸ್ಸು ಒಂದು ಬಾವಿಯನ್ನು ಬಳಸಿ, ಒಬ್ಬನ ಹುಲ್ಲಿನ ಬಣವೆಯನ್ನು ತಪ್ಪಿಸಿ, ಎಮ್ಮೆ ಏಳುವವರೆಗೆ ಕಾದು ಹೋಯಿತು. ಹಲಗೆಯಲ್ಲಿ ಕಡಲೆ ಎಂದರೆ ಕಡಲೆ. ಇಲ್ಲಿ ಕಡಲೆ ಹಿಡಿದ ಅಜ್ಜನೊಬ್ಬ ನಾನು ಹತ್ತುವ ಮೊದಲೇ ಸಂತೆಯೊಂದು ಹಾದುಹೋಗಿದ್ದರೂ ಏಳದೆ, ಪಕ್ಕದವನ ಜೊತೆ ಮಾತು ಮುಗಿಯಲೆಂದು ಮತ್ತೊಂದು ಸಂತೆಯವರೆಗೆ ನಿದ್ದೆ ಬಂದವನಂತೆ ನಟಿಸಿದ. ಯಮನೂರಪ್ಪನೂ ಕಾಣದವನಂತೆ ನಟಿಸಿದ. ಇದೆಲ್ಲ ಹಲಗೆಯಲ್ಲಿ ನನಗೆ ನೂಲಿನ ಸಣ್ಣ ತಡವರಿಕೆಯಾಗಿ ಕಂಡಿದ್ದಿರಬೇಕು. ನನಗೆ ಬೆರಗಾಗಿ ಬೆರಗಾಗಿ ಬಾಯಿ ತೆರೆದೇ ಇತ್ತು.

ಕಾಶವ್ವ ಕಿಟಕಿಯ ಪಕ್ಕ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಹುಣಸೆ ಬೀಜ ಬೆವರಿಗೆ ಹೊಳಪಾಗಿತ್ತು. ನಾನು ಯಾರೆಂದು ಹೇಳಿದೆ. ಅವಳು ಎದ್ದು ನಿಲ್ಲಬಹುದು ಎಂದುಕೊಂಡಿದ್ದೆ. "ಕುಂದರ್ರಿ," ಅಂದಳು, ಬಸ್ಸು ತನ್ನದೇ ಎಂಬಂತೆ.

"ಎಲ್ಲಾ ತವರೂ ತವರ ಅಲ್ಲೇನವಾ? ಮೂರು ಓಣಿ ದಾಟಿ ಹೊಂಟಿ," ಅಂದೆ.

"ಅಣ್ಣಾರ, ನಿಮಗ ಮದುವಿ ಆಗೇತೇನ್ರೀ?"

"ಇಲ್ಲ."

"ಹಂಗಾರ ನಿಮಗೇನು ತಿಳೀತೈತಿ ಬಿಡ್ರಿ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಎರಡು ವರ್ಷ ಮೊದಲನೇ ಓಣಿಯಾಗ ಇಳದೇನ್ರೀ. ಅಲ್ಲಿ ಒಬ್ಬಾಕಿ ಅಜ್ಜಿ. ಛಲೋ ನೋಡ್ಕೊಂತಿದ್ಲು, ಸುಳ್ಳ್ಯಾಕ ಹೇಳ್ಲಿ. ಆದ್ರ ಇದು ಚೊಚ್ಚಲ. ಹಡಿಯೂ ಹೊತ್ತಿನ್ಯಾಗ ನಾ 'ಅವ್ವಾ' ಅಂತ ಒದರಿದ್ರ ನಮ್ಮವ್ವನ 'ಓ' ಅನಬೇಕು. ಬ್ಯಾರೆಯವರು ಅಂದ್ರ ನನಗ ಧೈರ್ಯ ಬರೂದಿಲ್ಲ. ಇನ್ನ ಎಂಟು ದಿನಕ್ಕ ಒಂಬತ್ತನೇ ತಿಂಗಳಾಗ ಬೀಳ್ತೀನಿ. ಆಮ್ಯಾಲೆ ಬಸ್ ಹತ್ತಸಂಗಿಲ್ಲ ನಿಮ್ಮವರು. ಗುಡ್ಡ ಹತ್ತಾಕ ಈ ಹೊಟ್ಟಿ ಬಿಡಂಗಿಲ್ಲ."

ಅವಳ ತಾಯಿಯದು ಗಾಣದ ಕೇರಿ. ಅದು ನೀಲಿ ನೂಲಿನ ಮೇಲಿದೆ. ಇವಳು ಕೆಂಪಿನಲ್ಲಿ ಬಂದು ಗಡಿಯಾರ ಕಂಬದಲ್ಲಿ ಇಳಿದು ನೀಲಿಯನ್ನು ಹತ್ತಬೇಕು. ಹುಣಸೆ ಬೀಜದವಳನ್ನು ಗಡಿಯಾರ ಕಂಬದಲ್ಲಿ ಇಳಿಸುವಂತಿಲ್ಲ. "ನಿಯಮ ಹಂಗೈತಿ," ಅಂದೆ. ನನ್ನ ದನಿ ನನಗೇ ಪೆಚ್ಚಾಗಿ ಕೇಳಿಸಿತು.

ಅವಳು ಗಂಟು ಬಿಚ್ಚಿ ಒಂದು ಕಾಗದ ತೆಗೆದಳು. "ನಮ್ಮವ್ವ ತಿಂಗಳಿಗೊಂದು ಕಾಗದ ಬರಸ್ತಾಳ. ಅಂಚಿಯವ ಗುಡ್ಡ ದಾಟಿ ನಡಕೊಂಡು ಬಂದು ನನ್ನ ಕೈಯಾಗ ಇಡ್ತಾನ. ಮ್ಯಾಲೆ ನನ್ನ ಹೆಸರು, ನನ್ನ ದಿಬ್ಬದ ಹೆಸರು. ಬ್ಯಾರೆಯವರ ಮನಿಗೆ ಒಂದರೆ ಹೋಗೇತೇನು? ಈ ಹಾಳಿಗೆ ಹೆಸರು ಐತಿ, ನನಗಿಲ್ಲೇನ್ರೀ ಅಣ್ಣಾರ?"

ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡುತ್ತ, "ನಿಮ್ಮದು ನೇಕಾರ ಓಣಿ ಅಲ್ಲೇನ್ರೀ? ನೀಲವ್ವನ ಅಣ್ಣ ನೀವ?" ಎಂದಳು. ಹೌದೆಂದೆ. ಅವಳು ಕಾಗದ ಬಿಡಿಸಿ ಒಂದು ಕಡೆ ಬೆರಳಿಟ್ಟು ನನ್ನ ಕೈಗೆ ಕೊಟ್ಟಳು. ಯಾರೋ ದುಂಡಗೆ ಬರೆದುಕೊಟ್ಟ ಅಕ್ಷರ, ಮಾತು ಅವಳ ತಾಯಿ ತಿಪ್ಪವ್ವನದು. "ಈ ಪಂಚಮಿಗೂ ಸುಣ್ಣದ ಬಟ್ಟಿಯ ನೀಲವ್ವ ಬರ್ತಾಳ. ನೀ ಇಲ್ಲದ ಕೊರತಿ ಅಕಿ ತುಂಬ್ಯಾಳ. ನನ್ನ ಮೊಣಕಾಲಿಗೆ ಎಣ್ಣಿ ತಿಕ್ಕತಾಳ. ಹ್ವಾದ ವರ್ಷ ಜೋಕಾಲಿ ಮ್ಯಾಲೆ ಕುಂತು ಅತ್ತಳು. 'ಹೆಣ್ಣಮಕ್ಕಳು ನಡದ್ರ ಜಗಳಾಡಿ ಬಂದ್ಲು ಅಂತಾರ, ಗಂಡಮಕ್ಕಳಿಗೆ ಯಾರೇನಂತಾರ? ನಮ್ಮಣ್ಣ ಊರಿಗೆಲ್ಲ ನೂಲು ಹಾಕ್ತಾನ, ನನ್ನ ಕರಿಯಾಕ ಒಂದ ದಿನ ನಡಕೊಂಡು ಬರಲಿಲ್ಲ,' ಅಂದ್ಲು."

ನಾನು ಎರಡು ಸಲ ಓದಿದೆ. ಅಷ್ಟರಲ್ಲಿ ಸಂತೆ ಬಂತು, ಯಮನೂರಪ್ಪ ನನ್ನ ಕಡಲೆ ಇಸಿದುಕೊಂಡು ಕೆಳಗಿಳಿಸಿದ. ನನಗೆ ಸಂತೆಯಲ್ಲಿ ಏನೂ ಬೇಕಿರಲಿಲ್ಲ. ಬದನೆಕಾಯಿ ಗುಡ್ಡೆಗಳ ನಡುವೆ ನಿಂತು, ನನಗೆ ಗೊತ್ತಿಲ್ಲದ ಒಬ್ಬ ಮುದುಕಿಯ ಮೊಣಕಾಲನ್ನು ನನ್ನ ತಂಗಿ ತಿಕ್ಕುತ್ತಿರುವುದನ್ನು ಯೋಚಿಸಿದೆ. ನಾಚಿಕೆಯಾಯಿತು.

ಮನೆಗೆ ಹೋದಾಗ ಅವ್ವ ಪಂಚಮಿಗೆಂದು ಬೆಲ್ಲ ಕುಟ್ಟುತ್ತಿದ್ದಳು. "ಅವ್ವಾ, ನಮ್ಮ ನೀಲವ್ವ ನೆನಪಾಗೂದಿಲ್ಲೇನು ನಿನಗ?" ಎಂದು ಕೇಳಿದೆ. ಕುಟ್ಟುವುದು ನಿಲ್ಲಲಿಲ್ಲ. "ಹುಸೇನಬಿಗೆ ವರ್ಷಾ ಬಳಿ ಇಡಸ್ತೀನಿ," ಅಂದಳು. "ನೀಲಿಗೂ ಒಂದು ಡಜನ್ ತಗೊಂಡು ಇಟ್ಟಿರ್ತೀನಿ, ಮದುವ್ಯಾಗ ಹಾಕಿದ್ದ ಅಳತಿದು. ಈಗ ಅಕಿ ಕೈ ಅಳತಿ ಏನಾಗೇತೋ ನನಗ ಗೊತ್ತಿಲ್ಲ." ಅಷ್ಟು ಹೇಳಿ, ಬೆಲ್ಲದ ಚೂರೊಂದನ್ನು ನನ್ನ ಬಾಯಿಗೆ ತುರುಕಿ, "ಹೋಗು, ಕೈಕಾಲು ತೊಳಕೊ," ಅಂದಳು. ಒಂಬತ್ತು ಡಜನ್ ಬಳೆ ಪೆಟ್ಟಿಗೆಯಲ್ಲಿದ್ದವು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಆ ದೀಪ ನಾನು.

ಮರುದಿನದಿಂದ ಹಲಗೆಯ ಮುಂದೆ ಹಟ ಹಿಡಿದು ಕೂತೆ. ನಿಯಮ ಮುರಿಯದೆ ಕಾಶವ್ವನನ್ನು ಅವಳ ತಾಯಿಗೆ ಮುಟ್ಟಿಸಬೇಕು, ಅಷ್ಟೇ ಲೆಕ್ಕ. ಕುಂಬಾರ ದಿಬ್ಬದಿಂದ ಗಾಣದ ಕೇರಿಗೆ ನಡುವೆ ತವರಿಲ್ಲದಂತೆ ಕೆಂಪು ನೂಲನ್ನು ಎಳೆದೆ. ಹಳ್ಳದ ಆಚೆಯ ಮಕ್ಕಳಿಗೆ ಶಾಲೆ ತಪ್ಪಿ ಅಲ್ಲಿ ಹತ್ತು ಗುಲಗಂಜಿ ಕೂಡಿದವು. ಹಸಿರನ್ನು ಆ ಕಡೆ ತಿರುಗಿಸಿದೆ, ಆಸ್ಪತ್ರೆಯ ಹರಳು ಹನ್ನೊಂದಾಯಿತು. ಗಾಬರಿಯಾಗಿ ಮೊದಲಿನಂತೆ ಹಾಸಿದೆ. ನಾಲ್ಕು ದಿನ ಹೀಗೇ ಹೋಯಿತು. ಕಾಶವ್ವನ ಬೀಜ ಮಾತ್ರ ದಿನಾ ಬೆಳಿಗ್ಗೆ ಹತ್ತಿ ದಿನಾ ಸುತ್ತುತ್ತಿತ್ತು. ಕೊನೆಗೆ ನನಗೆ ತಿಳಿದದ್ದು ಇಷ್ಟು: ಒಂದು ಹುಣಸೆ ಬೀಜಕ್ಕೂ ಇನ್ನೊಂದು ಹುಣಸೆ ಬೀಜಕ್ಕೂ ವ್ಯತ್ಯಾಸವಿಲ್ಲ ಎಂದು ಒಪ್ಪಿದ್ದರಿಂದಲೇ ನಾನು ಒಂಬತ್ತು ವರ್ಷ ಗೆದ್ದಿದ್ದೆ. ಆ ತಕ್ಕಡಿಯವನ ಫೋನಿನಲ್ಲೂ ಚೌಕಗಳಿಗೆ ತಾಯಿ ಇರಲಿಲ್ಲ.

ಪಂಚಮಿಗೆ ನಾಲ್ಕು ದಿನ ಉಳಿದಾಗ ಯಮನೂರಪ್ಪನ ಕೈಯಲ್ಲಿ ಒಂದು ಮೊಳೆ ಕೊಟ್ಟೆ. ಹಲಗೆಯ ಮೇಲೆ ಗಾಣದ ಕೇರಿಯ ಗುರುತು ಒಂದು ಸುತ್ತು, ನಡುವೆ ಚುಕ್ಕೆ. ಅದನ್ನು ಕಾಶವ್ವನ ಬೀಜದ ಮೇಲೆ ಗೀಚಿ ಕೊಡು, ಗುರುತಿರುವ ಬೀಜ ಆ ಗುರುತಿನ ಸ್ಟಾಪಿನಲ್ಲೇ ಇಳಿಯಲಿ, ನಡುವೆ ಬಸ್ಸು ಬದಲಿಸಲೂ ಬಿಡು ಅಂದೆ. ಅವನು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕಿಗೊಬ್ಬಾಕಿಗೆ ಗೀಚಿದ್ರ ಉಳದವರು ಸುಮ್ಮನ ಬಿಡ್ತಾರೇನ್ರೀ? ಪಂಚಮಿ ವಾರ. ಎಲ್ಲಾರೂ ಗೀಚ ಅಂತಾರ. ಗಡಿಯಾರ ಕಂಬದಾಗ ಬಸ್ ಬದಲಿ ಮಾಡಾಕ ಮಂದಿ ಕೂಡ್ತೈತಿ. ನಿಮ್ಮ ಗುಳಿ ತುಂಬತೈತಿ. ನೀವು ಎದ್ದು ಹೋಗಬೇಕಾಗತೈತಿ."

ಅದು ನನಗೆ ಗೊತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಊರಿನ ಚಿಂತೆ ಇರಲಿಲ್ಲ. ನನ್ನ ಏಳರ ದಾಖಲೆಯ ಚಿಂತೆ ಇತ್ತು. ಆ ಅಟ್ಟ, ಆ ನೂಲಿನ ವಾಸನೆ, ಮೆಟ್ಟಿಲಲ್ಲಿ ಜನ ನನಗೆ ದಾರಿ ಬಿಡುವ ರೀತಿ, ಎಲ್ಲ ಹೋಗುತ್ತಿತ್ತು. ಆದರೂ ಹೇಳಿದೆ, "ಕೇಳಿದವರಿಗೆಲ್ಲಾ ಗೀಚು."

ಮರುದಿನ ಬೆಳಿಗ್ಗೆ ಹಲಗೆಯ ಹತ್ತಿರ ಮೂಗು ತಂದು ಕೂತೆ. ಕುಂಬಾರ ದಿಬ್ಬದ ಗುಳಿಯಲ್ಲಿ ಹುಣಸೆ ಬೀಜ ಬಂತು. ಮೇಲೆ ಸುತ್ತು, ಚುಕ್ಕೆ. ಹಲಗೆಯೂ ಆ ಗೀಚನ್ನು ಒಪ್ಪಿತ್ತು! ಬೀಜ ಮೂರು ತವರುಗಳನ್ನು ದಾಟಿ ಗಡಿಯಾರ ಕಂಬದ ಗುಳಿಗೆ ಬಂದು, ಒಂದು ಕ್ಷಣ ಅತ್ತಿತ್ತ ಉರುಳಿ, ತಾನಾಗಿ ಕೆಂಪಿನಿಂದ ಇಳಿಯಿತು. ಅಲ್ಲಿ ಕಾಯಿತು. ನೀಲಿ ಬಂತು, ಹತ್ತಿತು. ಗಾಣದ ಕೇರಿಯಲ್ಲಿ ಅದು ಮಾಯವಾದಾಗ ನನ್ನ ಬಾಯಿಂದ ಸಿಳ್ಳೆ ಹೊರಟುಬಿಟ್ಟಿತು. ಒಂಬತ್ತು ವರ್ಷದಲ್ಲಿ ಒಂದು ಬೀಜ ಇಳಿದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಯಮನೂರಪ್ಪ ಹೇಳಿದ್ದೇ ಆಯಿತು. ಎರಡೇ ದಿನದಲ್ಲಿ ಊರಿನವರೆಲ್ಲ ಮೊಳೆ ಹಿಡಿದರು. ಹಳೆಯ ಡಾಕ್ಟರು, ಹಳೆಯ ಹನುಮಪ್ಪ, ಹಳೆಯ ಮೇಷ್ಟ್ರು, ಎಲ್ಲರಿಗೂ ಗಿರಾಕಿ. ಪಂಚಮಿಯ ದಿನ ಹಲಗೆ ಜಾತ್ರೆಯಾಗಿತ್ತು. ಗುಳಿಗಳಲ್ಲಿ ಎಂಟು, ಒಂಬತ್ತು, ಹತ್ತು. ನಾನು ಹುಡುಕುತ್ತಿದ್ದದ್ದು ಒಂದೇ ಗುರುತು, ನಮ್ಮ ನೇಕಾರ ಓಣಿಯ ಮೂರು ಗೆರೆ. ಮೊದಲು ಅದು ಕಂಡದ್ದು ಹಳದಿ ನೂಲಿನ ಮೇಲೆ, ಹುಸೇನಬಿ ಹತ್ತುವ ಸ್ಟಾಪಿನಿಂದ. ಈಗ ತನ್ನ ಸ್ವಂತ ತವರಿನ ಗುರುತು ಗೀಚಬಹುದಿತ್ತು ಅವಳು. ನಮ್ಮವ್ವನ ಗುರುತನ್ನೇ ಗೀಚಿದ್ದಳು. ನನ್ನ ಕಣ್ಣು ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಸುಣ್ಣದ ಬಟ್ಟಿಯ ಗುಳಿಯಲ್ಲೂ ಒಂದು ಹುಣಸೆ ಬೀಜ ಬಂದು ನೀಲಿ ನೂಲು ಹತ್ತಿತು. ಬಗ್ಗಿ ನೋಡಿದೆ. ಸುತ್ತು, ನಡುವೆ ಚುಕ್ಕೆ. ಕೈ ತಪ್ಪಿ ಗೀಚಿರಬಹುದೆಂದು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ನೀಲವ್ವ ಮನಸ್ಸಿಟ್ಟು ಆಳವಾಗಿ ಗೀಚಿದ್ದಳು. ಈ ಸಲ ಅವಳನ್ನು ಅಲ್ಲಿ ಇಳಿಸಿದ್ದು ನನ್ನ ನೂಲಲ್ಲ.

ಅವಳ ಬೀಜ ಗಾಣದ ಕೇರಿಯಲ್ಲಿ ಇಳಿದ ಕೆಲವೇ ನಿಮಿಷಕ್ಕೆ ಗಡಿಯಾರ ಕಂಬದ ಗುಳಿಗೆ ಹದಿಮೂರನೆಯದು ಬಿತ್ತು. ಯಾವುದೋ ಮಗುವಿನ ಗುಲಗಂಜಿ, ತನ್ನ ಮೊದಲಿನ ಶಾಲೆಯ ಜೋಕಾಲಿಗೆ ಹೊರಟದ್ದಿರಬೇಕು. ಐದು ನೂಲುಗಳೂ ಒಮ್ಮೆಲೇ ಸಡಿಲಾಗಿ ಹಲಗೆಯಿಂದ ಜಾರಿ ನನ್ನ ತೊಡೆಯ ಮೇಲೆ ಬಿದ್ದವು. ಕೆಳಗೆ ಬಸ್ಸುಗಳ ಸದ್ದು ನಿಂತಿತು. ನಾನು ನೂಲುಗಳನ್ನು ಸುತ್ತಿ ಉಂಡೆ ಮಾಡಿ, ಗುಳಿಗಳನ್ನು ಬಟ್ಟೆಯಿಂದ ಒರೆಸಿ, ಎದ್ದೆ.

ಮರುದಿನ ಬೆಳಗಾಗುವುದರೊಳಗೆ ಅವ್ವನ ಪೆಟ್ಟಿಗೆ ತೆಗೆದು ಬಳೆಗಳನ್ನು ಒಂದು ಪಂಚೆಯಲ್ಲಿ ಕಟ್ಟಿಕೊಂಡೆ. ಅವ್ವ ಪಂಚಮಿಯ ಉಂಡೆಗಳ ಡಬ್ಬಿ ತಂದು ಗಂಟಿನ ಮೇಲಿಟ್ಟಳು. ಎಲ್ಲಿಗೆ ಎಂದು ಕೇಳಲಿಲ್ಲ. ಹುಸೇನಬಿ ಮಾತ್ರ ಬಾಗಿಲವರೆಗೆ ಬಂದು, "ಅಕ್ಕಾರಿಗೆ ಹೇಳ್ರಿ, ಅವರ ಜಾಗಾ ನಾ ಕಸಗೊಂಡಿಲ್ಲ, ಕಾಯ್ಕೊಂಡೀನಿ," ಅಂದಳು.

ಗುಡ್ಡದ ದಾರಿ ಹಿಡಿದೆ. ಹೆಜ್ಜೆಗೊಮ್ಮೆ ಬಳೆ ಘಲ್ಲೆನ್ನುತ್ತಿದ್ದವು. ಹಲಗೆಯ ಮೇಲೆ ನೇಕಾರ ಓಣಿಗೂ ಗಾಣದ ಕೇರಿಗೂ ನಾಲ್ಕು ಬೆರಳಿನ ಅಂತರ. ಆ ನಾಲ್ಕು ಬೆರಳಲ್ಲಿ ಎಷ್ಟು ಕಲ್ಲು, ಎಷ್ಟು ಕಾರೆ ಮುಳ್ಳು, ಎಷ್ಟು ಜನ "ಎಲ್ಲಿಗೆ ಹೊಂಟ್ರಿ?" ಎನ್ನುವವರು! ಗುಡ್ಡ ಇಳಿದು ರಸ್ತೆಗೆ ಬಂದಾಗ ಹಿಂದಿನಿಂದ ಹಾರ್ನು ಕೇಳಿಸಿತು. ಬಸ್ಸು ನಿಂತಿರಬೇಕಲ್ಲ ಎಂದು ತಿರುಗಿ ನೋಡಿದರೆ ಕೆಂಪು ಬಸ್ಸೇ ನೀಲಿಯ ದಾರಿಯಲ್ಲಿ ಬರುತ್ತಿತ್ತು. ಒಳಗೆ ಜನ ಕಿಕ್ಕಿರಿದಿದ್ದರು, ಯಾರೋ ಯಾರಿಗೋ ಬೈಯುತ್ತಿದ್ದರು, ಯಮನೂರಪ್ಪ ಬಾಗಿಲಿಗೆ ಜೋತುಬಿದ್ದು ಗಂಟಲು ಹರಿಯುವಂತೆ ಕೂಗುತ್ತಿದ್ದ: "ಗಾಣದ ಕೇರಿ! ಗಾಣದ ಕೇರಿ! ಸುಣ್ಣದ ಬಟ್ಟಿ!" ನಮ್ಮೂರಿನಲ್ಲಿ ಸ್ಟಾಪಿನ ಹೆಸರನ್ನು ಹಾಗೆ ಯಾರಾದರೂ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ನೂಲಿಲ್ಲದ ಹೆಂಗ ಓಡಸ್ತೀಯೋ?" ಅಂದೆ. "ಇಪ್ಪತ್ತು ವರ್ಷ ಆತ್ರೀ, ದಾರಿ ನಮಗ ಗೊತ್ತಿಲ್ಲೇನು? ಮುಂಜಾನೆಯಿಂದ ಎರಡು ತಾಸು ತಡ, ಮೂರು ಜಗಳ. ಆದ್ರ ಮಂದಿ ಮುಟ್ಟಾಕತ್ಯಾರ. ಹತ್ರೀ, ಹತ್ರೀ!" ಅಂದ. ಕಾಲು ಬೊಬ್ಬೆ ಎದ್ದಿತ್ತು, ಆಸೆಯೂ ಆಯಿತು. "ಇವತ್ತ ಒಂದಿನ ನಡೀತೀನಿ," ಎಂದೆ. ಅವನು ಅರ್ಥವಾಗದೆ ಸಿಳ್ಳೆ ಹೊಡೆದು ಹೋದ.

ಗಾಣದ ಕೇರಿಯಲ್ಲಿ ತಿಪ್ಪವ್ವನ ಮನೆ ತೋರಿಸಲು ನಾಲ್ಕು ಜನ ಬಂದರು. ಬಾಗಿಲ ಹತ್ತಿರ ನಿಂತಾಗ ಒಳಗಿನಿಂದ ಕಾಶವ್ವನ ದನಿ ಕೇಳಿಸಿತು. ನೋವಿನದಲ್ಲ, ಏನೋ ಸಣ್ಣ ಕೆಲಸಕ್ಕೆ ಕರೆದದ್ದು. "ಅವ್ವಾ!" ಅಂದಳು. "ಓ," ಎಂದು ಒಂದು ಮುದಿ ದನಿ ಒಳಮನೆಯಿಂದ ಉತ್ತರಿಸಿತು. ನಾನು ಅಲ್ಲೇ ನಿಂತು ಇನ್ನೊಮ್ಮೆ ಕೇಳಿಸೀತೇ ಎಂದು ಕಾದೆ.

ಹೊರಗೆ ಬಂದವಳು ನೀಲವ್ವ. ಮೈ ತುಂಬಿಕೊಂಡಿದ್ದಳು, ಕಿವಿಯ ಹತ್ತಿರ ಒಂದು ಬಿಳಿ ಕೂದಲು. ನನ್ನ ಮುಖ ನೋಡಿದಳು, ಧೂಳು ಹತ್ತಿದ ಕಾಲು ನೋಡಿದಳು, ಗಂಟು ನೋಡಿದಳು. ಕದದ ಮೇಲೆ ಕೈಯಿಟ್ಟೇ ಕೇಳಿದಳು.

"ಯಾರ ಕೂಡ ಜಗಳಾಡಿ ಬಂದಿ, ಅಣ್ಣಾ?"

"ಹಲಗಿ ಕೂಡ," ಅಂದೆ.

ಅವಳು ನಗಲಿಲ್ಲ. ಗಂಟನ್ನು ಇಸಿದುಕೊಂಡು ಬಿಚ್ಚಿ, ಒಂಬತ್ತು ವರ್ಷದ ಬಳೆಗಳಲ್ಲಿ ಒಂದನ್ನು ತೆಗೆದು ಏರಿಸಲು ನೋಡಿದಳು. ಅದು ಬೆರಳ ಗಿಣ್ಣಿಗೇ ನಿಂತಿತು.

"ಸಣ್ಣಾವು ಆಗ್ಯಾವ. ಅಳತಿ ಬದಲಾಗೇತಿ ಅಂತ ಅವ್ವಗ ಹೇಳು."

"ನೀನ ಬಂದು ಹೇಳು," ಅಂದೆ. "ಕರಿಯಾಕ ಬಂದೀನಿ."

ನೀಲವ್ವ ಬಳೆಯನ್ನು ಗಂಟಿಗೆ ವಾಪಸು ಹಾಕಲಿಲ್ಲ. ಅದನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಕಾಲಿಗೆ ನೀರು ತರಲು ಒಳಗೆ ಹೋದಳು.